ಖಾಲಿ ಬಾಟಲಿಯ ಸಿಸ್ಟರ್

ಸಿಸ್ಟರ್ ಅವರ ಬಲಗೈ ಹೆಬ್ಬೆರಳು ಯಾವಾಗಲೂ ನೀಲಿ. ಸ್ಟಾಂಪ್ ಪ್ಯಾಡಿನ ಶಾಯಿ ಉಗುರಿನ ಸಂದಿಗೆ ಇಳಿದು, ಎಷ್ಟು ತಿಕ್ಕಿದರೂ ಹೋಗದಂತೆ ಕೂತುಬಿಟ್ಟಿತ್ತು. ಸಹಿ ಬಾರದ ರೋಗಿಗಳ ಹೆಬ್ಬೆಟ್ಟನ್ನು ತಾವೇ ಹಿಡಿದು ಒಪ್ಪಿಗೆ ಪತ್ರದ ಮೇಲೆ ಒತ್ತಿಸುತ್ತಿದ್ದರು. ಒತ್ತಿಸುವ ಮೊದಲು ಎರಡೂ ಪುಟ ಓದಿ ಹೇಳಿ, ಕೊನೆಗೆ ಪತ್ರದಲ್ಲಿಲ್ಲದ ಒಂದು ಮಾತು ಸೇರಿಸುತ್ತಿದ್ದರು: “ಬ್ಯಾಡ ಅನ್ಸಿದ್ರೆ ಯಾವಾಗ ಬೇಕಾದ್ರೂ ಬಿಟ್ಟು ಹೋಗ್ರಿ. ಆದ್ರೆ ಹೇಳಿ ಹೋಗ್ರಿ. ನಾನು ಹುಡುಕ್ಕೊಂಡು ನಿಮ್ಮೂರಿಗೆ ಬರೋಹಂಗೆ ಮಾಡಬ್ಯಾಡ್ರಿ.”

ಹರಿಹರದಿಂದ ದಿನಾ ಬಸ್ಸಿಗೆ ದಾವಣಗೆರೆಗೆ ಬಂದು, ಒಂದು ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲೊಂದು ಸಂಶೋಧನೆ ನಡೆದಿತ್ತು. ಜ್ವರ ಬಂದು ವಾಸನೆ ಕಳೆದುಕೊಂಡವರು ದಿನಕ್ಕೆರಡು ಹೊತ್ತು ಲವಂಗ, ನಿಂಬೆ, ನೀಲಗಿರಿ, ಗುಲಾಬಿ ಎಣ್ಣೆಯ ನಾಲ್ಕು ಬಾಟಲಿ ಮೂಸುತ್ತಾ ಹೋದರೆ ಮೂಗು ಮತ್ತೆ ಕಲಿಯುತ್ತದೆಯೇ ಎಂದು ನೋಡುವುದು. ವಾಸನೆ ಬಂತೋ ಇಲ್ಲವೋ ಎಂದು ಮನೆಯಲ್ಲೇ ಒಂದು ಪುಸ್ತಕದಲ್ಲಿ ಗುರುತು ಹಾಕಿ, ಹದಿನೈದು ದಿನಕ್ಕೊಮ್ಮೆ ಸಿಸ್ಟರ್‌ಗೆ ತೋರಿಸಬೇಕು.

ನಾನು ಸೇರಿದ್ದು ವಿಜ್ಞಾನದ ಮೇಲಿನ ಪ್ರೀತಿಯಿಂದಲ್ಲ, ಹೆದರಿಕೆಯಿಂದ. ಮೂಗು ಸತ್ತ ಮೇಲೆ ನನಗೆ ಹೊಸ ಚಿಂತೆಗಳ ಸುಗ್ಗಿಯೇ ಬಂದಿತ್ತು. ಮೊಸರು ಹಳಸಿದೆಯೇ, ಅಂಗಿ ನಾರುತ್ತಿದೆಯೇ, ಒಂಬತ್ತನೇ ಕ್ಲಾಸಿನ ಮುಂದಿನ ಬೆಂಚು ನಗುತ್ತಿರುವುದು ನನ್ನ ಲೆಕ್ಕ ತಪ್ಪಿದ್ದಕ್ಕೋ, ಬೆವರಿಗೋ. ಗಣಿತದ ಮೇಷ್ಟ್ರಾದ ನಾನು ದಿನಕ್ಕೆ ಮೂರು ಸಲ ಸ್ನಾನ ಮಾಡುತ್ತಿದ್ದ ಕಾಲ ಅದು.

ಮೊದಲ ತಿಂಗಳು ಏನೂ ಬರಲಿಲ್ಲ. ನನ್ನ ಮುಂದಿನ ಸರದಿಯವರೆಲ್ಲ “ಬಂತ್ರಿ, ಚೂರು ಬಂತ್ರಿ” ಎನ್ನುತ್ತಿದ್ದರು. ಸಿಸ್ಟರ್ ಮುಖ ಅರಳುತ್ತಿತ್ತು. ಅಷ್ಟು ದೂರದಿಂದ ಬಂದು ನಮಗಾಗಿ ಕೂತವರಿಗೆ ‘ಇಲ್ಲ’ ಎನ್ನುವುದು, ಮನೆಗೆ ಬಂದವರನ್ನು ಚಹಾ ಕೊಡದೆ ಕಳಿಸಿದ ಹಾಗೆ ಅನಿಸಿತು. ನಾನೂ “ಬಂತು” ಅಂದೆ. ಆಮೇಲೆ ಬಾಟಲಿ ಮೂಸುವುದನ್ನೂ ಬಿಟ್ಟೆ. ಆಸ್ಪತ್ರೆ ಎದುರಿನ ಹೋಟೆಲಿನಲ್ಲಿ ಕೂತು ಹದಿನೈದು ದಿನದ ಗುರುತನ್ನು ಒಂದೇ ಕಾಫಿಯಲ್ಲಿ ತುಂಬುತ್ತಿದ್ದೆ. ಅನುಮಾನ ಬರಬಾರದೆಂದು ಎರಡು ಪೆನ್ನು ಬಳಸುತ್ತಿದ್ದೆ. ಮಕ್ಕಳ ಕಾಪಿ ಹಿಡಿಯುವವನಿಗೆ ಈ ವಿದ್ಯೆ ಹೇಳಿಕೊಡಬೇಕೆ? ಮನೆಯಲ್ಲೂ ವಾಸನೆ ಬಂತೆಂದೇ ಹೇಳಿದೆ. ಹೆಂಡತಿ ನೆಮ್ಮದಿಯ ಉಸಿರು ಬಿಟ್ಟಳು.

ಒಂದು ಶನಿವಾರ ಮಧ್ಯಾಹ್ನ ಒಲೆ ಮೇಲೆ ಹಾಲಿಟ್ಟು, “ನೋಡ್ಕಳ್ರಿ” ಎಂದು ಅವಳು ಎಂ.ಸಿ.ಸಿ. ಬಡಾವಣೆಯ ಟೈಲರ್ ಹತ್ತಿರ ಹೋದಳು. ನಾನು ಉತ್ತರ ಪತ್ರಿಕೆಯಲ್ಲಿ ಮುಳುಗಿದೆ. ಹಾಲು ಉಕ್ಕಿ, ಉರಿ ಆರಿ, ಗ್ಯಾಸ್ ಸುಮ್ಮನೆ ಹರಿಯುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಚಹಾ ನೆನಪಾಗಿ ಎದ್ದೆ. ಲೈಟರ್ ಹಿಡಿದು ಅಡುಗೆಮನೆ ಬಾಗಿಲಲ್ಲಿದ್ದಾಗ ಹೆಂಡತಿ ಒಳಗೆ ಬಂದು ಹಿಂದಿನಿಂದ ನನ್ನ ಮಣಿಕಟ್ಟು ಹಿಡಿದಳು. ರೆಗ್ಯುಲೇಟರ್ ಆರಿಸಿದಳು, ಕಿಟಕಿ ತೆಗೆದಳು. ಆಮೇಲೆ, “ವಾಸ್ನೆ ಬರ್ತೈತೆ ಅಂದಿದ್ರಲ್ಲ” ಅಂದಳು.

ಸೋಮವಾರ ಸ್ಕೂಲಿಗೆ ರಜೆ ಹಾಕಿ ಆಸ್ಪತ್ರೆಗೆ ಹೋದೆ. ಸಿಸ್ಟರ್‌ಗೆ ಎಲ್ಲ ಹೇಳಿ, ಆ ಗುರುತುಗಳಿಗೆ ವೈಟ್ನರ್ ಹಚ್ಚಿಬಿಡಿ ಎಂದೆ.

“ವೈಟ್ನರ್ ನಿಮ್ಮ ಸ್ಕೂಲಿಗಿರಲಿ. ಇಲ್ಲಿ ತಪ್ಪು ಬರೆದದ್ದೂ ಓದೋಕೆ ಬರಬೇಕು” ಎಂದು ಒಂದೊಂದು ಸುಳ್ಳಿನ ಮೇಲೂ ತೆಳ್ಳಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ, ತಾರೀಖು ಹಾಕುತ್ತಾ ಹೋದರು. ಮುಗಿಯಲು ಅರ್ಧ ಗಂಟೆ ಹಿಡಿಯಿತು. ಕಾರಣ ಬರೆಯುವ ಜಾಗಕ್ಕೆ ಬಂದಾಗ ಪೆನ್ನು ನಿಂತಿತು.

“ರೋಗಿ ಸುಳ್ಳು ಹೇಳಿದ ಅಂತ ಬರೀರಿ” ಅಂದೆ.

“ರೋಗಿ ತಾವಾಗೇ ಬಂದು ತಿದ್ದಿಸಿದರು ಅಂತ ಬರೀತೀನಿ. ಅದೂ ನಿಜಾನೇ ಅಲ್ಲೇನ್ರಿ?” ಎಂದರು. ಬರೆದಾದ ಮೇಲೆ ತಲೆ ಎತ್ತಿದರು. “ಮೇಷ್ಟ್ರೇ, ನಿಮಗೆ ಬಂತು ಅಂತ ನಂಬಿ ನಾಳೆ ಇನ್ನೊಬ್ರಿಗೆ ಇದನ್ನೇ ಕೊಟ್ಟು ಮನೆಗೆ ಕಳಿಸ್ತಾರೆ. ಅವರ ಮನ್ಯಾಗೂ ಗ್ಯಾಸ್ ಐತೆ.”

ನನ್ನೊಬ್ಬನ ಪುಸ್ತಕಕ್ಕೆ ನಿಲ್ಲಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ನನ್ನನ್ನು ಕರೆದುಕೊಂಡೇ ಡಾಕ್ಟರ ಕೋಣೆಗೆ ಹೋಗಿ, ಉಳಿದವರೂ ಹೀಗೇ ಮರ್ಯಾದೆಗೆ ‘ಬಂತು’ ಅಂದಿರಬಹುದು, ಎಲ್ಲರನ್ನೂ ಮತ್ತೆ ನೋಡಬೇಕು ಎಂದರು.

ಡಾಕ್ಟರು ಕನ್ನಡಕ ತೆಗೆದಿಟ್ಟರು. “ರಿಸಲ್ಟ್ ಇಷ್ಟು ಚೆನ್ನಾಗಿ ಬರ್ತಾ ಇತ್ತಲ್ಲ ಸಿಸ್ಟರ್.”

“ರಿಸಲ್ಟ್ ಬಂತ್ರಿ ಸರ್. ವಾಸ್ನೆ ಬರಲಿಲ್ಲ.”

ಡಾಕ್ಟರು ಎರಡು ವಾರ ಅವರೊಂದಿಗೆ ಸರಿಯಾಗಿ ಮಾತಾಡಲಿಲ್ಲವಂತೆ. ಆಮೇಲೆ ಡಾಕ್ಟರೇ, ಪರೀಕ್ಷೆ ಬದಲಿಸಲು, ಸಂಶೋಧನೆಗೆ ಅನುಮತಿ ಕೊಡುವ ಕಮಿಟಿಯ ಒಪ್ಪಿಗೆ ತಂದರು. ನಾಲ್ಕರ ಜೊತೆ ಐದನೆಯ ಬಾಟಲಿ ಸೇರಿತು. ಅದರಲ್ಲಿ ಬರೀ ನೀರು, ವಾಸನೆಯ ಲೆಕ್ಕಕ್ಕೆ ಖಾಲಿ. ಕಣ್ಣು ಮುಚ್ಚಿಸಿ, ಕ್ರಮ ಬದಲಿಸಿ ಮೂಸಿಸುವುದು. ಆಸ್ಪತ್ರೆಗೆ ಬಾರದವರನ್ನು ಹುಡುಕಿಕೊಂಡು ಸಿಸ್ಟರ್ ರಜೆಯ ದಿನವೂ ಹೊರಟರು. ಆನಗೋಡಿಗೆ ಒಮ್ಮೆ ನನ್ನ ಸ್ಕೂಟರಿನಲ್ಲೇ ಹೋದೆವು. ಪ್ರಾಯಶ್ಚಿತ್ತವೆಂದು ನಾನೇ ಕೇಳಿಕೊಂಡಿದ್ದೆ. ಅಲ್ಲಿನ ಅಜ್ಜಿಯೊಬ್ಬಳು ನೀರಿನ ಬಾಟಲಿಯನ್ನು ಬಹಳ ಹೊತ್ತು ಮೂಸಿ, “ಇದ್ರಾಗ ಏನೂ ಇಲ್ಲ ಬಿಡವ್ವ. ಆದ್ರೆ ಬಿಸಿಲಾಗ ಬಂದೀಯ, ಬಂತು ಅಂತ ಬರ್ಕ” ಅಂದಳು.

“ನೀನು ಇಲ್ಲ ಅಂದ್ಯಲ್ಲ, ಅದನ್ನ ಬರ್ಕೊಳ್ಳಾಕೇ ಬಂದೀನಿ ಕಣಜ್ಜಿ” ಎಂದು ಸಿಸ್ಟರ್ ಬರೆದುಕೊಂಡು, ಅಜ್ಜಿ ಕೊಟ್ಟ ಮಜ್ಜಿಗೆ ಕುಡಿದರು.

ಕೊನೆಗೆ ಬಂದ ಫಲಿತಾಂಶ ಮೊದಲಿನಷ್ಟು ಹೊಳೆಯಲಿಲ್ಲ. ಕೆಲವರಿಗೆ ನಿಜಕ್ಕೂ ಬಂದಿತ್ತು, ಕೆಲವರಿಗೆ ಅರೆಬರೆ, ಕೆಲವರಿಗೆ ಇಲ್ಲವೇ ಇಲ್ಲ. ನಾನು ಮತ್ತೆ ಮೊದಲಿನಿಂದ ಮೂಸತೊಡಗಿದೆ. ತಿಂಗಳುಗಟ್ಟಲೆ ಪುಸ್ತಕದ ತುಂಬ ‘ಇಲ್ಲ’. ಪ್ರತಿ ಸಲವೂ ಸಿಸ್ಟರ್ ಅದನ್ನು ಒಂದು ಒಳ್ಳೆಯ ಸುದ್ದಿಯಂತೆ ಬರೆದುಕೊಳ್ಳುತ್ತಿದ್ದರು.

ಹೋದ ವರ್ಷ ಅವರು ತೀರಿಕೊಂಡರು. ಹರಿಹರದ ಮನೆಗೆ ಹೋದಾಗ ನಡುಮನೆಯಲ್ಲಿ ಮಲಗಿಸಿದ್ದರು. ಮೈಮೇಲೆ ಹಾರ, ಅದರ ಮೇಲೆ ಹಾರ. ಬಂದವರೆಲ್ಲ ಸಮಾಧಾನ ಹೇಳುತ್ತಿದ್ದರು. ನನ್ನನ್ನು ಸಿಸ್ಟರ್ ಮಗಳೇ ಗುರುತು ಹಿಡಿದಳು.

“ಮೂಗಿನ ಮೇಷ್ಟ್ರಲ್ವಾ? ಅಮ್ಮ ನಿಮ್ಮನ್ನ ನೆನೆಸ್ತಿದ್ಳು. ವಾಸ್ನೆ ಬಂತೇನ್ರಿ ಈಗ?”

ಪೂರ್ತಿ ಬಂತಮ್ಮ, ನಿಮ್ಮಮ್ಮನ ಪುಣ್ಯ ಎಂದರೆ ಆ ಹುಡುಗಿಗೆ ಆ ಹೊತ್ತಿನಲ್ಲಿ ಎಷ್ಟು ನೆಮ್ಮದಿಯಾಗುತ್ತಿತ್ತು. ಬಗ್ಗಿ, ಸಿಸ್ಟರ್ ಮೇಲಿನ ಮಲ್ಲಿಗೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ನಿಧಾನಕ್ಕೆ ಉಸಿರೆಳೆದು ನೋಡಿದೆ.

“ಲವಂಗ ಬರ್ತದಮ್ಮ, ಕಾಫಿ ಬರ್ತದ, ಗ್ಯಾಸ್ ಬರ್ತದ” ಅಂದೆ. “ಹೂವು ಇನ್ನೂ ಇಲ್ಲ.”