ಕಾಶೀಬಾಯಿಗೆ ಕ್ಯೂ ಕಲಿಸಲು ಹೋದದ್ದು

ಹದಿನೈದು ದಿನದ ಹಿಂದೆ ನಮ್ಮ ಮನೆಯ ಹೋಳಿಗೆ ತಿಂದು ವೈನಿಯ ಕಣ್ಣಲ್ಲಿ ನೀರು ಬಂತು. ರುಚಿಗೆ ಅಂದುಕೊಂಡಿರಾ? ನಾನೂ ಒಂದು ನಿಮಿಷ ಹಾಗೆಯೇ ಅಂದುಕೊಂಡೆ.

ವೈನಿ ಎಂದರೆ ನನ್ನ ಹೆಂಡತಿ ಸುನಂದಾಳ ಅತ್ತಿಗೆ, ಅವಳ ಅಣ್ಣನ ಹೆಂಡತಿ. ಬಸವಕಲ್ಯಾಣದವರು. ಹೋಳಿಗೆ ಮಾಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಹುಮನಾಬಾದಿನ ನಮ್ಮ ಮನೆಗೆ ಬಂದಾಗಲೆಲ್ಲ ಒಂದು ಹೋಳಿಗೆ ತಿಂದು ತಟ್ಟೆಗೆ ಕೈ ಅಡ್ಡ ಹಿಡಿಯುತ್ತಾರೆ. ಸುನಂದಾಳಿಗೆ ಇರುವುದು ಒಂದೇ ಆಸೆ: ಒಮ್ಮೆಯಾದರೂ ವೈನಿ ಎರಡನೇ ಹೋಳಿಗೆ ಕೇಳಬೇಕು.

ವೈನಿ ಊಟಕ್ಕೆ ಬರುವವರಿದ್ದ ಆ ಭಾನುವಾರ ಬೆಳಿಗ್ಗೆ ಸುನಂದಾ ನನ್ನ ಕೈಗೆ ಡಬ್ಬಿ ಕೊಟ್ಟಳು. "ಗೋದಿ ಬೀಸಿಸ್ಕೊಂಡು ಬರ್ರಿ. ಹ್ಯಾಂಗ ಬೀಸತಾರ, ಯಾಕ ಬೀಸತಾರ ಅಂತ ತಲಿ ಹಾಕಬ್ಯಾಡ್ರಿ."

ತಲೆ ಹಾಕದೆ ಇರಲು ನಾನೇನು ಸಾಮಾನ್ಯನೇ? ಕಾಲೇಜಿನಲ್ಲಿ ಡೇಟಾ ಸ್ಟ್ರಕ್ಚರ್ ಕಲಿಸುವ ಮೇಷ್ಟ್ರು! ಸ್ಟ್ಯಾಕ್ ಎಂದರೆ ಒಂದರ ಮೇಲೊಂದು ಇಟ್ಟ ತಟ್ಟೆಗಳು, ಕೊನೆಗೆ ಇಟ್ಟದ್ದು ಮೊದಲು ಹೊರಗೆ. ಕ್ಯೂ ಎಂದರೆ ಸಾಲು, ಮೊದಲು ಬಂದದ್ದು ಮೊದಲು ಹೊರಗೆ. ಹನ್ನೆರಡು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ. (ಹುಡುಗರು ಹನ್ನೆರಡು ವರ್ಷದಿಂದ ಅದಲುಬದಲು ಬರೆಯುತ್ತಿದ್ದಾರೆ.)

ಗಿರಣಿಯ ಮುಂದೆ ನಮ್ಮಲ್ಲಿ ಜನ ಸಾಲು ನಿಲ್ಲುವುದಿಲ್ಲ, ಡಬ್ಬಿಗಳು ನಿಲ್ಲುತ್ತವೆ. ನನ್ನದು ನಾಲ್ಕನೆಯದು. ಗಿರಣಿ ನಡೆಸುವ ಕಾಶೀಬಾಯಿ ಮೊದಲನೇ ಡಬ್ಬಿ ಮುಗಿಸಿದವಳೇ ನೇರವಾಗಿ ಐದನೆಯದಕ್ಕೆ ಕೈ ಹಾಕಿದಳು!

"ಇದೆಂಥಾ ಕ್ಯೂ, ಕಾಶೀಬಾಯಿ?" ನನ್ನೊಳಗಿನ ಮೇಷ್ಟ್ರು ಎದ್ದು ನಿಂತರು.

"ಜ್ವಾಳದ ಹಿಂದ ಜ್ವಾಳ ಹಾಕಾಕತ್ತೀನ್ರಿ ಸರ್. ಸಾಲ ನೋಡಿ ಬೀಸಂಗಿಲ್ರಿ, ಮಾಲ ನೋಡಿ ಬೀಸೋದು. ಡಬ್ಯಾಗ ಏನದ ನೋಡಬೇಕಲ್ಲ?"

"ನೋಡಬಾರದು! ಒಳಗೆ ಏನಾದರೂ ಇರಲಿ, ಕ್ಯೂಗೆ ಅದರ ಉಸಾಬರಿ ಬೇಡ."

ಪುಸ್ತಕದಲ್ಲಿ ಹಾಗೇ ಇದೆ ಸ್ವಾಮಿ. ಅಬ್‌ಸ್ಟ್ರ್ಯಾಕ್ಟ್ ಡೇಟಾ ಟೈಪ್ ಎಂದರೆ ಅಷ್ಟೇ: ಹಾಕಿದ್ದು ಯಾವ ನಿಯಮದಲ್ಲಿ ಹೊರಬರುತ್ತದೆ ಎಂಬುದು ಮುಖ್ಯ, ಒಳಗಿನ ವ್ಯವಹಾರ ಕೇಳಬೇಡಿ. (ಸುನಂದಾ ಹೇಳಿದ್ದೂ ಇದನ್ನೇ ಅಲ್ಲವೇ? ಆಗ ಹೊಳೆಯಲಿಲ್ಲ.)

ಮೂರನೇ ಡಬ್ಬಿಯ ಮಾಲೀಕ, ಮಾಣಿಕನಗರದ ಅಜ್ಜ, ಖುಷಿಯಿಂದ ಮುಂದೆ ಬಂದ. "ಸರ್ ಖರೇ ಹೇಳಾಕತ್ತಾರ! ನಂದು ಯಾವಾಗ್ಲೂ ಕಡೀಕೇ ಹಾಕ್ತಾಳ್ರಿ."

ನನಗೆ ಊರಿಗೇ ನ್ಯಾಯ ಕೊಡಿಸಿದಷ್ಟು ಹೆಮ್ಮೆ.

"ಆಯ್ತ್ರಿ, ಸಾಲಿನಂಗೇ ಹಾಕ್ತೀನಿ. ಆಮ್ಯಾಲ ನನಗ ಅನಬ್ಯಾಡ್ರಿ," ಎಂದಳು ಕಾಶೀಬಾಯಿ. ನಾನು ಚಹಾ ಕುಡಿಯಲು ಹೋದೆ.

ಮನೆಯಲ್ಲಿ ಕಣಕ ನಾದುವಾಗ ಸುನಂದಾ ಆರು ಸಲ ಸೀನಿದಳು. "ಹಿಟ್ಟ್ಯಾಕ ಕೆಂಪಗ ಅದರಿ?"

"ಹೊಸ ತಳಿ ಇರಬೇಕು," ಎಂದೆ. ಗೊತ್ತಿಲ್ಲದ್ದಕ್ಕೂ ಉತ್ತರ ಕೊಡುವುದು ಮೇಷ್ಟ್ರುಗಳ ರೋಗ.

ಮಧ್ಯಾಹ್ನ ವೈನಿ ಒಂದು ತುತ್ತು ಬಾಯಿಗಿಟ್ಟರು. ಕಣ್ಣು ತುಂಬಿತು. ಎರಡನೇ ಹೋಳಿಗೆ ಕೇಳಲಿಲ್ಲ. ನೀರನ್ನು ಮಾತ್ರ ಮೂರು ಸಲ ಕೇಳಿದರು.

ಸಂಜೆ ಗಿರಣಿಗೆ ಹೋಗಿ ವಿಚಾರಿಸಿದೆ. ಅಜ್ಜನ ಡಬ್ಬಿಯಲ್ಲಿ ಇದ್ದದ್ದು ಒಣಮೆಣಸಿನಕಾಯಿ! ದಿನವೂ ಕಾಶೀಬಾಯಿ ಮೆಣಸಿನಕಾಯಿಯನ್ನು ಕಟ್ಟಕಡೆಗೆ ಬೀಸಿ, ಕಲ್ಲು ಸ್ವಚ್ಛ ಮಾಡಿ ಬಾಗಿಲು ಹಾಕುತ್ತಾಳಂತೆ. ನನ್ನ ಉಪದೇಶದ ದಿನ ಅದರ ಬೆನ್ನಿಗೇ ನನ್ನ ಗೋದಿ ಬಿದ್ದಿತ್ತು.

ಮನೆಗೆ ಬಂದು ವಿಷಯ ಹೇಳಿದೆ. ಸುನಂದಾ ಉಳಿದ ಹೋಳಿಗೆಗಳನ್ನು ಮುಚ್ಚಿಟ್ಟಳು. ಅದನ್ನು ನೋಡಿ ನಿಜಕ್ಕೂ ನಾಚಿಕೆಯಾಯಿತು. ಕಾಶೀಬಾಯಿ ಓದದೇ ನಡೆಸುತ್ತಿದ್ದ ವ್ಯವಸ್ಥೆಯನ್ನು ಓದಿದ ನಾನು ಒಂದೇ ಬೆಳಿಗ್ಗೆ ಕೆಡಿಸಿದ್ದೆ. ವೈನಿಯನ್ನು ನಾನೇ ಫೋನ್ ಮಾಡಿ ಮತ್ತೆ ಊಟಕ್ಕೆ ಕರೆದೆ.

ಮೊನ್ನೆ ಭಾನುವಾರ ಮತ್ತೆ ಡಬ್ಬಿ ಹಿಡಿದು ಗಿರಣಿಗೆ ಹೋದೆ.

"ಬರ್ರಿ ಸರ್, ನಿಮ್ಮ ನಂಬರ್ ಎಷ್ಟನೇದ್ರಿ?" ಕಾಶೀಬಾಯಿ ನಗು ತಡೆದುಕೊಂಡು ಕೇಳಿದಳು.

"ಗೋದಿ," ಎಂದೆ.