ಎರಡು ಬಾಚಣಿಗೆಯ ಸೊಸೆ

ನಾನು ಮುಟ್ಟಿದ ವಸ್ತು ಕೆಟ್ಟಿತು ಎಂಬ ಮಾತನ್ನು ಈ ಬೀದಿಯಲ್ಲಿ ಯಾರ ಬಾಯಿಂದಲೂ ನೀವು ಕೇಳಲಾರಿರಿ. ನಲವತ್ತೆರಡು ವರ್ಷ ಗಡಿಯಾರ ರಿಪೇರಿ ಮಾಡಿದ ಕೈ ಇದು. ನಾನು ಹಾದುಹೋದರೆ ಸಾಕು, ನಿಂತ ಗಡಿಯಾರಗಳು ನಾಚಿಕೊಂಡು ನಡೆಯಲು ಶುರುಮಾಡುತ್ತಿದ್ದವು. ಒಂದೆರಡು ನಿಮಿಷ ಹೆಚ್ಚುಕಡಿಮೆಯಾದರೆ ಸೂರ್ಯ ಕೂಡ ನನ್ನ ಅಂಗಡಿಯ ಕಿಟಕಿಯಲ್ಲಿ ಇಣುಕಿ ಸರಿಮಾಡಿಕೊಂಡು ಹೋಗುತ್ತಿದ್ದ. ಇರಲಿ, ಹೇಳಹೊರಟಿದ್ದು ನನ್ನ ಸೊಸೆಯ ವಿಷಯ.

ಒಂಬತ್ತು ವರ್ಷದ ಹಿಂದೆ ನಮ್ಮ ಮನೆಗೆ ಬಂದಾಗ ಆಕೆ ಪೆಟ್ಟಿಗೆ ಬಿಚ್ಚಿದ್ದನ್ನು ಕಣ್ಣಾರೆ ಕಂಡವನು ನಾನು. ಎರಡು ಬಾಚಣಿಗೆ, ಎರಡು ಕನ್ನಡಕ, ಎರಡು ಕತ್ತರಿ, ಎರಡು ಛತ್ರಿ.

"ಗಂಡ ಮಾತ್ರ ಒಬ್ಬನೇನಾ?" ಎಂದು ನನ್ನ ಹೆಂಡತಿ ಕೇಳಿದಳು.

"ಸದ್ಯಕ್ಕೆ ಒಬ್ರೇ ಅತ್ತೆ. ಕೈಕೊಟ್ರೆ ನೋಡೋಣ."

ಅವತ್ತಿನಿಂದ ನನ್ನ ಮಗ ಹೊತ್ತಿಗೆ ಸರಿಯಾಗಿ ಮನೆ ಸೇರುತ್ತಿದ್ದಾನೆ.

ಬೇರೆಯವರ ವೆಬ್‌ಸೈಟುಗಳನ್ನು ಕಾಯುವುದು ಆಕೆಯ ಕಸುಬು. ಅಡುಗೆಮನೆಯ ಪಕ್ಕದ ಉಗ್ರಾಣವನ್ನು ಖಾಲಿಮಾಡಿ ಮೇಜು ಹಾಕಿಕೊಂಡಿದ್ದಾಳೆ. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ ಮೂಗಿಗೆ ತಾಗುತ್ತದೆ. ಹಲ್ಲಿನ ಡಾಕ್ಟರು, ಬಡಗಿ, ಡ್ರೈವಿಂಗ್ ಕಲಿಸುವವರು ಅಂತ ಹನ್ನೊಂದು ಜನರ ಸೈಟುಗಳು ಅಲ್ಲಿಂದಲೇ ನಡೆಯುತ್ತವೆ. ಬೆಳಗಾಗುತ್ತಲೇ ಪ್ರತಿ ಸೈಟಿನದೂ ಒಂದೊಂದು ನಕಲು ತಾನಾಗಿಯೇ ತಯಾರಾಗುತ್ತದೆ. ಅದಕ್ಕೆ ಬ್ಯಾಕಪ್ ಅನ್ನುತ್ತಾರೆ. ಸರಿಯಾಗಿ ಆದರೆ ಪರದೆಯ ಮೇಲೆ ಹಸಿರು ಗುರುತು, ಆಗದಿದ್ದರೆ ಕೆಂಪು ಗುರುತು ಮತ್ತು ಒಂದು ಇಮೇಲು.

ಹಸಿರು ಕಂಡ ಮಾತ್ರಕ್ಕೆ ನಂಬುವವಳಲ್ಲ ಇವಳು. ತಿಂಗಳಿಗೆ ಒಂದು ಸೈಟಿನ ನಕಲನ್ನು ನನ್ನ ಕೋಣೆಯ ಮೂಲೆಯಲ್ಲಿರುವ ಹಳೇ ಕಂಪ್ಯೂಟರಿಗೆ ತಂದು, ಬಿಚ್ಚಿ, ಪುಟಪುಟ ತೆರೆದು ನೋಡುತ್ತಾಳೆ. ಆಮೇಲೆ ಸೈಟಿನ ಯಜಮಾನರಿಗೆ ಫೋನು: "ಡಾಕ್ಟ್ರೇ, ನಿಮ್ಮ ಮೂರನೇ ಪುಟದ ಫೋಟೋದಲ್ಲಿ ಎಷ್ಟು ಹಲ್ಲು ಕಾಣ್ಬೇಕು?" ಹೀಗೆ ಕೇಳಿ ಕೇಳಿ ಊರಿನಲ್ಲಿ ಅರ್ಧ ತಲೆಕೆಟ್ಟವಳು ಅನ್ನಿಸಿಕೊಂಡಿದ್ದಾಳೆ. ಆ ಕಂಪ್ಯೂಟರಿನ ಮೇಲೆ ಕಾಲು ಚಾಚಿಕೊಂಡು ಪೇಪರ್ ಓದುವುದು ನನ್ನ ಅಭ್ಯಾಸ. ಅದರ ನಿಜವಾದ ಉಪಯೋಗ ಅದೇ ಎಂದು ಬಹಳ ದಿನ ನಂಬಿದ್ದೆ.

ಇದೆಲ್ಲ ಅವಳ ಹುಟ್ಟುಗುಣ ಎಂದುಕೊಂಡಿದ್ದೆ. ಅಲ್ಲವಂತೆ. ಮದುವೆಗೆ ಮೊದಲು ಆಕೆ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದಳು. ಒಂದು ದಿನ ಮೇಲಿನ ಮಹಡಿಯ ನೀರಿನ ಪೈಪು ಒಡೆದು ಕಂಪ್ಯೂಟರುಗಳೆಲ್ಲ ಸ್ನಾನ ಮಾಡಿದವು. ಇಪ್ಪತ್ತಮೂರು ಜೋಡಿಗಳ ಮದುವೆಯ ಫೋಟೋಗಳು ಹೋದವು. ಮಾಲೀಕ ತಲೆನೋವೆಂದು ಮನೆಗೆ ಹೋದ. ಇಪ್ಪತ್ತಮೂರು ಮನೆಗೂ ಫೋನು ಮಾಡಿ ತಿಳಿಸಿದವಳು ಇವಳು. ಬೈದವರ ಮಾತು ಮರೆತಿದ್ದಾಳೆ. ಏನೂ ಬೈಯದೆ "ಹೋಗ್ಲಿ ಬಿಡಮ್ಮಾ" ಎಂದು ಫೋನಿಟ್ಟ ಒಬ್ಬ ಹೆಂಗಸಿನ ದನಿ ಮಾತ್ರ ಇನ್ನೂ ಕಿವಿಯಲ್ಲಿದೆ. ಅಂಥ ಫೋನು ಇನ್ನೊಮ್ಮೆ ಮಾಡಬಾರದು, ಅಷ್ಟಕ್ಕೇ ಈ ಕಸುಬು ಹಿಡಿದಳು.

ಇನ್ನು ಟೈಲರ್ ಅಕ್ಕ. ಸೊಸೆಯ ಹನ್ನೊಂದು ಜನರಲ್ಲಿ ಮೊದಲನೆಯವಳು. ಅಂಗಡಿಯ ಬಟ್ಟೆ ಯಾರ ಮೈಗೆ ಕೂರುವುದಿಲ್ಲವೋ ಅವರಿಗೆ ಹೊಲಿಯುತ್ತಾಳೆ. ಒಂದು ತೋಳು ಗಿಡ್ಡ ಇರುವವರು, ಬೆನ್ನು ಬಾಗಿದವರು, ಗಾಲಿಕುರ್ಚಿಯಲ್ಲೇ ದಿನ ಕಳೆಯುವವರು. ದೂರದೂರುಗಳ ಮುನ್ನೂರಕ್ಕೂ ಹೆಚ್ಚು ಜನರ ಅಳತೆ ಆಕೆಯ ಸೈಟಿನಲ್ಲಿದೆ. ಒಮ್ಮೆ ಬಂದು ಅಳತೆ ಕೊಟ್ಟವರು ಮತ್ತೆ ಬರಬೇಕಾಗಿಲ್ಲ, ಬರುವುದು ಅವರಿಗೆ ಸುಲಭವೂ ಅಲ್ಲ.

ಕಳೆದ ತಿಂಗಳು ಒಂದು ಗುರುವಾರ ಬೆಳಿಗ್ಗೆ ಆಕೆಯ ಫೋನು ಬಂತು. ಆಕೆಯದು ಫೋನಿಲ್ಲದೆಯೂ ಊರಾಚೆಗೆ ಕೇಳುವ ಗಂಟಲು. ನನ್ನ ಕೋಣೆಗೆ ಒಂದಕ್ಷರವೂ ತಪ್ಪಲಿಲ್ಲ.

"ಸೈಟು ತೆರೀತಿಲ್ಲ ಕಣಮ್ಮಾ. ಬಿಳೀ ಹಾಳೆ ಬರ್ತಿದೆ. ಸೋಮವಾರ ಒಬ್ಬರು ಹೊಸ ಕೆಲಸಕ್ಕೆ ಸೇರ್ಬೇಕು, ಗಾಲಿಕುರ್ಚಿಯವರು. ಕೋಟಿನ ಬಟ್ಟೆ ಹಾಸಿ ಕತ್ತರಿ ಹಿಡ್ಕೊಂಡು ನಿಂತಿದೀನಿ. ಅಳತೆ ಬೇಕು."

"ಒಂದ್ನಿಮಿಷ ಅಕ್ಕಾ. ನೋಡಿ ಹೇಳ್ತೀನಿ."

ಒಂದು ನಿಮಿಷ ಒಂದು ಗಂಟೆಯಾಯಿತು. ಆಕೆಯ ಸೈಟು ಕೂತಿರುವ ಸರ್ವರು ಎಂಬ ಕಂಪ್ಯೂಟರಿನ ಡಿಸ್ಕಿನಲ್ಲಿ ಸಾಸಿವೆ ಹಾಕಲೂ ಜಾಗವಿರಲಿಲ್ಲ. ಜಾಗವಿಲ್ಲದೆ ಅಳತೆಗಳ ಕಡತವೇ ಮುರಿದುಹೋಗಿತ್ತು. ಬ್ಯಾಕಪ್ಪಿಗೆ ಕೈಹಾಕಿದಳು. ಹತ್ತು ನಕಲು ಇದ್ದವು, ಹತ್ತೂ ಅರ್ಧಂಬರ್ಧ, ಒಂದೂ ಬಿಚ್ಚಿಕೊಳ್ಳಲಿಲ್ಲ. ಹೊಸದು ಬಂದಂತೆ ಹಳೆಯದನ್ನು ಬಿಸಾಡು ಎಂದು ಅವಳೇ ಹೇಳಿಟ್ಟಿದ್ದಳು. ಅರೆಬೆಂದವು ಒಂದೊಂದಾಗಿ ಬಂದು ಒಳ್ಳೆಯವನ್ನೆಲ್ಲ ಹೊರದಬ್ಬಿದ್ದವು.

ಮತ್ತೆ ಟೈಲರ್ ಅಕ್ಕನ ಫೋನು. ಈ ಸಲ ಗಂಟಲು ತಗ್ಗಿತ್ತು, ಆದರೂ ನನಗೆ ಕೇಳಿತು.

"ನೀನು ಹೇಳ್ದೆ ಅಂತ ಅಳತೆ ಪುಸ್ತಕ ಬರೆಯೋದು ಬಿಟ್ಟೆ ಕಣಮ್ಮಾ. ಇಲ್ಲ ಅಂದ್ರೆ ಇಲ್ಲ ಅಂತ ಹೇಳ್ಬಿಡು."

ತೆರೆದ ಬಾಗಿಲಿನಲ್ಲಿ ನನಗೆ ಕಾಣುವಂತೆಯೇ ಸೊಸೆ ಎರಡು ಕನ್ನಡಕವನ್ನೂ ತೆಗೆದು ಮೇಜಿನ ಮೇಲಿಟ್ಟಳು. ಒಂದು ಮೂಗಿನ ಮೇಲಿತ್ತು, ಇನ್ನೊಂದು ತಲೆಯ ಮೇಲೆ. ಹಾಗೆ ಬರಿಗಣ್ಣಿನಲ್ಲಿ ಕೂತಿದ್ದನ್ನು ನಾನು ಒಂಬತ್ತು ವರ್ಷದಲ್ಲಿ ನೋಡಿರಲಿಲ್ಲ.

"ಮಧ್ಯಾಹ್ನದವರೆಗೆ ಟೈಮ್ ಕೊಡಿ ಅಕ್ಕಾ."

ಫೋನಿಟ್ಟವಳು ನೆಟ್ಟಗೆ ನನ್ನ ಕೋಣೆಗೆ ಬಂದಳು.

"ಮಾವ, ಕಾಲು ತೆಗೀರಿ."

ತೆಗೆದೆ. ಹಳೇ ಕಂಪ್ಯೂಟರು ಕೆಮ್ಮಿ, ನರಳಿ, ಎದ್ದು ಕೂತಿತು. ಏಳು ವಾರದ ಹಿಂದಿನ ಪರೀಕ್ಷೆ ಟೈಲರ್ ಅಕ್ಕನ ಸೈಟಿನದಾಗಿತ್ತು, ಆ ನಕಲು ಇನ್ನೂ ಅಲ್ಲೇ ಇತ್ತು. ಮುನ್ನೂರ ಮೂರು ಜನ ನನ್ನ ಪಾದದ ಕೆಳಗೆ ಸುಖವಾಗಿ ಮಲಗಿದ್ದರು.

ನಾನು ಚಪ್ಪಾಳೆ ತಟ್ಟಿದೆ. ಅವಳು ತಟ್ಟಲಿಲ್ಲ. ಗಾಲಿಕುರ್ಚಿಯವರಿಗೆ ಫೋನು ಮಾಡಿ, ಮನೆಯವರ ಕೈಲಿ ಟೇಪು ಹಿಡಿಸಿ, ಕೂತಾಗ ಕುತ್ತಿಗೆಯಿಂದ ಸೊಂಟಕ್ಕೆ ಎಷ್ಟು, ಎಡತೋಳು ಎಷ್ಟು ಎಂದು ಕೇಳಿದಳು. ಪರದೆಯ ಮೇಲಿನ ಅಂಕಿಗೂ ಅವರು ಹೇಳಿದ್ದಕ್ಕೂ ಕೂದಲಷ್ಟೂ ವ್ಯತ್ಯಾಸವಿರಲಿಲ್ಲ. ಆಮೇಲೆಯೇ ಟೈಲರ್ ಅಕ್ಕನಿಗೆ "ಕತ್ತರಿಸಿ" ಎಂದಳು.

ಹಳೇ ಕಂಪ್ಯೂಟರಿನ ಮುಂದೆಯೇ ಕೂತು ಡಿಸ್ಕು ತುಂಬಿದ್ದು ಹೇಗೆ ಎಂದು ಹುಡುಕತೊಡಗಿದಳು. ನನಗೆ ಆಗ ಇದ್ದಕ್ಕಿದ್ದಂತೆ ಬಾಯಾರಿತು. ಎದ್ದೆ.

"ಮಾವ, ನಾನು ಅಮ್ಮನ ಕಣ್ಣಿನ ಆಪರೇಷನ್ನಿಗೆ ಅಂತ ಊರಿಗೆ ಹೋಗಿದ್ದಾಗ ಹಸಿರು ಬಂತಾ ಅಂತ ನೋಡ್ತಿರಿ ಅಂದಿದ್ದೆ, ಅಲ್ವಾ?"

"ನೋಡಿದೆನಲ್ಲ! ದಿನಾ ನೋಡಿದೆ."

"ಬರೀ ನೋಡಿದ್ರಾ?"

ನಿಂತಲ್ಲೇ ಕೂತೆ. "ಟೈಲರ್ ಅಕ್ಕನ ಬ್ಯಾಕಪ್ಪಿನ ಫೋಲ್ಡರು ಅನಾಥನ ಹಾಗೆ ಹೊರಗೆ ಬಿದ್ದಿತ್ತು ಕಣಮ್ಮಾ. ಮನೆ ಸಾಮಾನು ಮನೆಯೊಳಗಿರಲಿ ಅಂತ ಸೈಟಿನ ಒಳಗೆ ತಂದಿಟ್ಟೆ. ಬ್ಯಾಕಪ್ಪಿಗೂ ಹೊಸ ವಿಳಾಸ ತೋರಿಸಿಕೊಟ್ಟೆ."

ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. ಬ್ಯಾಕಪ್ಪು ಸೈಟಿನೊಳಗಿದ್ದುದನ್ನೆಲ್ಲ ನಕಲು ಮಾಡುತ್ತದಲ್ಲ? ಹೊಸ ನಕಲು ಹಳೆಯ ನಕಲುಗಳನ್ನೂ ನುಂಗಿತು. ಮರುದಿನದ್ದು ಇದನ್ನೂ ಸೇರಿಸಿ ನುಂಗಿತು. ದಿನಕ್ಕೆ ಎರಡರಷ್ಟು ಬೆಳೆದರೆ ಹತ್ತು ದಿನಕ್ಕೆ ಸಾವಿರದಷ್ಟು ಎಂದು ಅವಳು ಲೆಕ್ಕ ತೋರಿಸಿದಳು. ಜೀವಮಾನವಿಡೀ ಬಡಾಯಿ ಕೊಚ್ಚಿದ ನನ್ನ ಬಾಯಿಗೂ ಅಷ್ಟು ದೊಡ್ಡ ಲೆಕ್ಕ ಬಂದಿರಲಿಲ್ಲ.

"ಕೆಂಪು ಇಮೇಲು ಬರ್ಲಿಲ್ವಾ?"

"ಬರ್ತಾನೇ ಇತ್ತು, ದಿನಾ. ನೀನು ವಾಪಸ್ ಬಂದ ಮೇಲೆ ನನ್ನ ಡ್ಯೂಟಿ ಮುಗೀತಲ್ಲ ಅಂತ ಬಿಸಾಕ್ತಿದ್ದೆ."

ಸೊಸೆ ಇಮೇಲು ಹೋಗುವ ವಿಳಾಸವನ್ನು ತೆರೆದು ನೋಡಿದಳು. "ಅದು ನನ್ನ ತಪ್ಪು. ಹೋಗುವಾಗ ನಿಮ್ಮ ವಿಳಾಸ ಹಾಕಿದ್ದೆ, ಬಂದ ಮೇಲೆ ಬದಲಾಯಿಸ್ಲಿಲ್ಲ. ಪರದೆನೂ ನೋಡ್ಲಿಲ್ಲ. ಅಮ್ಮನ ಕಣ್ಣಿಗೆ ಹೊತ್ತುಹೊತ್ತಿಗೆ ಔಷಧಿ ಹಾಕಿಸೋದೇ ತಲೇಲಿತ್ತು."

ಫೋಲ್ಡರನ್ನು ಹೊರಗೆ ತಂದಳು. ಅರೆಬೆಂದ ನಕಲುಗಳು ಇನ್ನು ಲೆಕ್ಕಕ್ಕಿಲ್ಲ ಎಂದು ಬರೆದಿಟ್ಟಳು. ಇಮೇಲು ಅವಳಿಗೂ ನನ್ನ ಮಗನಿಗೂ ಹೋಗುವಂತೆ ಮಾಡಿದಳು. ನನ್ನ ವಿಳಾಸವನ್ನು ಯಾಕೆ ಅಳಿಸಿದೆ ಎಂದು ನಾನು ಕೇಳಲಿಲ್ಲ. ಈಚಿನ ಏಳು ವಾರದಲ್ಲಿ ಸೇರಿದ ಒಂಬತ್ತು ಜನರ ಅಳತೆ ಮಾತ್ರ ಎಲ್ಲೂ ಉಳಿದಿರಲಿಲ್ಲ. ಸೊಸೆಯ ಮುಖ ನೋಡಿದರೆ ಒಂಬತ್ತು ಕೂಡ ಸಣ್ಣ ಸಂಖ್ಯೆಯಲ್ಲ ಎಂದು ಗೊತ್ತಾಗುತ್ತಿತ್ತು. ಮೊದಲು ಟೈಲರ್ ಅಕ್ಕನಿಗೆ ಫೋನು ಹಚ್ಚಿದಳು.

"ಒಂಬತ್ತು ಜನರದ್ದು ಹೋಗಿದೆ ಅಕ್ಕಾ. ತಪ್ಪು ನಂದೇ. ಅವರಿಗೆಲ್ಲ ನಾನೇ ಫೋನ್ ಮಾಡಿ ಹೇಳ್ತೀನಿ."

ಇಷ್ಟು ಕೇಳಿಯೂ ಸುಮ್ಮನೆ ಕೂರಲು ನಾನೇನು ಗೋಡೆ ಗಡಿಯಾರವೇ? ಫೋನು ಕಿತ್ತುಕೊಂಡೆ. "ತಪ್ಪು ಇವಳದ್ದಲ್ಲಮ್ಮಾ. ಮುಟ್ಟಿದ್ದು ನಾನು."

"ಅಂದ್ಕೊಂಡೆ ಯಜಮಾನ್ರೇ," ಎಂದಳು ಟೈಲರ್ ಅಕ್ಕ. "ನಮ್ಮನೆ ಗಡಿಯಾರಾನೂ ನೀವೇ ರಿಪೇರಿ ಮಾಡಿದ್ದು. ಇವತ್ತಿಗೂ ಹನ್ನೊಂದು ಹೊಡೆದ್ರೆ ನಾವು ಮಧ್ಯಾಹ್ನದ ಊಟಕ್ಕೆ ಕೂರ್ತೀವಿ."

ಟೈಲರ್ ಅಕ್ಕನ ಫೋನಿನಲ್ಲಿದ್ದ ನಂಬರುಗಳನ್ನು ಪಡೆದು ಸೊಸೆ ಒಬ್ಬೊಬ್ಬರಿಗೂ ಫೋನು ಮಾಡಿದಳು, ಏನನ್ನೂ ಮುಚ್ಚಿಡದೆ. ಇಬ್ಬರು ರೇಗಿದರು. ಒಬ್ಬ ಮುದುಕಿ, "ಮೈ ನನ್ ಹತ್ರಾನೇ ಇದೆ ಬಿಡು, ಎಲ್ಲೂ ಹೋಗಿಲ್ಲ, ಅಳೀತೀನಿ ಬರ್ಕೋ," ಎಂದಾಗ ಸೊಸೆ ನಕ್ಕಳು, ನಕ್ಕು ಕಣ್ಣೊರೆಸಿಕೊಂಡಳು. ಎಂಟು ಮುಗಿಯಿತು. ಟೇಪು ಹಿಡಿದು ನನ್ನ ಮುಂದೆ ನಿಂತಳು. ಮರೆತೇಬಿಟ್ಟಿದ್ದೆ, ನಾನೂ ಒಂದು ಕೋಟು ಹೊಲಿಯಲು ಹಾಕಿದ್ದೆ. ಒಂಬತ್ತನೆಯವನು ನಾನೇ.

"ಸೊಂಟ ಮೂವತ್ತನಾಲ್ಕು ಅಂತ ಬರ್ಕೋ. ಯೌವನದಿಂದ ಬದಲಾಗಿಲ್ಲ."

ಅವಳು ಟೇಪು ಸುತ್ತಿದಳು. "ನಲವತ್ತು, ಮಾವ."

"ಆ ಟೇಪು ಹಳೇದು. ಇರ್ಲಿ, ನಿನ್ನ ಮೇಲೆ ಒಂದು ಕಥೆ ಬರೀತೀನಿ ನೋಡ್ತಿರು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ, ನಡೆದದ್ದು ನಡೆದ ಹಾಗೆ."

ಅವಳು ನಲವತ್ತು ಎಂದು ಎರಡು ಕಡೆ ಬರೆದುಕೊಂಡು ಟೇಪು ಮಡಚಿದಳು.

"ಬರೀರಿ ಮಾವ. ನಡೆದದ್ದರ ಒಂದು ನಕಲು ನನ್ ಹತ್ರಾನೂ ಇದೆ."