ಅಂಗೈಗೆ ಬಂದ ಏಡಿ

ಉಪ್ಪಿನಕಾಯಿ ಜಾಡಿ ಒಡೆದು ನನ್ನ ಎಡಗೈ ಮಣಿಕಟ್ಟಿನ ನರ ತುಂಡಾದಾಗ ಅತ್ತೆ ಡಾಕ್ಟರನ್ನು ಕೇಳಿದ್ದು ಒಂದೇ ಮಾತು: ಸೊಸೆ ಮತ್ತೆ ಲಿಂಗ ಹಿಡಿಯುತ್ತಾಳಾ? ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡೇ ಪೂಜೆ. ಆ ಅಂಗೈ ಮರಗಟ್ಟಿತ್ತು. ಲಿಂಗ ಜಾರಿ ಬಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ. ಅದೇ ನನ್ನ ಭಯ.

ನರದ ಎರಡು ತುದಿಗಳ ನಡುವೆ ಸಣ್ಣ ಕೊಳವೆ ಕೂರಿಸುತ್ತೇವೆ, ನರ ಅದರೊಳಗೇ ಬೆಳೆದುಕೊಂಡು ಹೋಗುತ್ತದೆ, ಕೊಳವೆ ನಿಧಾನವಾಗಿ ಮೈಯಲ್ಲೇ ಕರಗುತ್ತದೆ ಎಂದರು ಡಾಕ್ಟರು. ಯಾವುದರಿಂದ ಮಾಡಿದ್ದು ಎಂದು ನನ್ನ ಗಂಡ ಕೇಳಬಾರದಿತ್ತು. ಏಡಿ, ಸೀಗಡಿ ಚಿಪ್ಪಿನಿಂದ ತೆಗೆದದ್ದಂತೆ.

ನನಗೆ ನಗು ಬಂತು. ಕೈ ನೋಯುತ್ತಿದೆ, ನಗು ನಿಲ್ಲುತ್ತಿಲ್ಲ. ವಿಜಯನಗರದ ಮಾರ್ಕೆಟ್ಟಿನಲ್ಲಿ ಮೀನಿನಂಗಡಿ ಕಂಡರೆ ಮೂಗು ಮುಚ್ಚಿಕೊಂಡು ರಸ್ತೆ ದಾಟುವವಳು ನಾನು. ಮಹಡಿ ಮೇಲಿನ ಬಾಡಿಗೆಯವರು ಆಮ್ಲೆಟ್ ಹಾಕಿದರೆ ಮೆಟ್ಟಿಲ ಬುಡದಲ್ಲಿ ನಿಂತು ವಿಚಾರಣೆ ನಡೆಸುವವರು ಅತ್ತೆ. ಬೇರೆ ದಾರಿ ಇಲ್ಲವೇ ಎಂದು ಗಂಡ ಅಂಗಲಾಚಿದರು. ಕಾಲಿನದೇ ನರ ತೆಗೆದು ಹಾಕಬಹುದು, ಆದರೆ ಅಲ್ಲಿ ಸ್ಪರ್ಶ ಹೋಗುತ್ತದೆ ಎಂದರು ಡಾಕ್ಟರು. ಎಲ್ಲರೂ ಅತ್ತೆಯ ಮುಖ ನೋಡಿದೆವು.

"ಏಡೀದೇ ಹಾಕ್ರಿ. ಮೈಯಾಗ್ ಬಂದ್ಮೇಲೆ ಅದೂ ನಮ್ಮನೇದೇ," ಎಂದರು ಅತ್ತೆ.

ಆಪರೇಷನ್ ಆಯಿತು. ಆಮೇಲಿನದು ಬರೀ ಮೋಜು. ಪ್ರತಿ ಸಲ ತೋರಿಸಲು ಹೋದಾಗ ಡಾಕ್ಟರು ನನ್ನ ಮಣಿಕಟ್ಟಿನಿಂದ ಬೆರಳ ತುದಿಯ ಕಡೆಗೆ ಕುಟ್ಟುತ್ತಾ ಬರುತ್ತಿದ್ದರು. ಎಲ್ಲಿ ಜುಮ್ ಎನ್ನುತ್ತದೋ ಅಲ್ಲಿಯವರೆಗೆ ನರ ಬೆಳೆದಿದೆ ಎಂದು ಲೆಕ್ಕ. ಗಂಡ ಅದಕ್ಕೆ ಮೆಟ್ರೋ ಸ್ಟೇಷನ್ನುಗಳ ಹೆಸರಿಟ್ಟರು. ಮಣಿಕಟ್ಟು ನಾಯಂಡಹಳ್ಳಿ, ಅಂಗೈ ನಡುವೆ ವಿಜಯನಗರ, ಬೆರಳ ತುದಿ ಮೆಜೆಸ್ಟಿಕ್. ಆಸ್ಪತ್ರೆಯಿಂದ ಬಂದು ನಾನು ಬಾಗಿಲಲ್ಲಿ ಚಪ್ಪಲಿ ಬಿಡುವ ಮುಂಚೆಯೇ ಅತ್ತೆ ಏಡಿ ಎಲ್ಲಿಗೆ ಬಂತು ಎಂದು ವಿಚಾರಿಸುತ್ತಿದ್ದರು. ವಿಜಯನಗರಕ್ಕೆ ಒಂದೇ ಸ್ಟೇಷನ್ ಮುಂಚೆ, ಅತ್ತಿಗುಪ್ಪೆಯಲ್ಲೇ ಅದು ಬಹಳ ದಿನ ನಿಂತಾಗ, ಅಡ್ಡಡ್ಡ ನಡೆಯೋ ಜಾತಿ, ತಡ ಆಗೋದೇ ಎಂದು ಅವರೇ ಸಮಾಧಾನ ಹೇಳಿದರು.

ಕೈಗೆ ಮತ್ತೆ ಪಾಠ ಕಲಿಸಬೇಕಿತ್ತು. ದಿನಾ ಮಧ್ಯಾಹ್ನ ನಾನು ಕಣ್ಣು ಮುಚ್ಚಿ ಕೂರುವುದು, ಅತ್ತೆ ಅಂಗೈಯಲ್ಲಿ ಏನಾದರೂ ಇಡುವುದು. ಕಡಲೆಕಾಳನ್ನು ಅಂಗಿ ಗುಂಡಿ ಎಂದೆ, ಹುಣಸೆಬೀಜವನ್ನು ಬೆಲ್ಲ ಎಂದೆ. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದರು. ಪೂಜೆಯ ಹೊತ್ತಿಗೆ ಮಾತ್ರ ನಾನು ಲಿಂಗವನ್ನು ತಟ್ಟೆಯಲ್ಲಿಡುತ್ತಿದ್ದೆ, ಅವರು ಆ ಕಡೆ ತಿರುಗಿ ಕೂರುತ್ತಿದ್ದರು. ಅದು ಇಬ್ಬರಿಗೂ ಸಂಕಟವಾಗುತ್ತಿತ್ತು.

ಒಂದು ಬೆಳಿಗ್ಗೆ, ಸ್ನಾನ ಆಗಿ ಪೂಜೆಗೆ ಕೂತಾಗ, ಅತ್ತೆ ಕಣ್ಣು ಮುಚ್ಚಲು ಹೇಳಿದರು. ಅಂಗೈ ನಡುವೆ ಏನೋ ತಣ್ಣಗೆ ಕೂತಿತು. ನುಣುಪಾಗಿತ್ತು, ದುಂಡಗಿತ್ತು. ಬೆರಳುಗಳು ತಾವೇ ಮಡಚಿಕೊಂಡವು.

"ನೇರಳೆಹಣ್ಣು," ಎಂದು ಕೂಗಿಬಿಟ್ಟೆ.

ಅತ್ತೆ ನಗಲಿಲ್ಲ. ಕಣ್ಣು ಬಿಟ್ಟು ನೋಡಿದರೆ ನನ್ನದೇ ಲಿಂಗ. ತಟ್ಟೆಯನ್ನು ಅವರು ಆಗಲೇ ತೊಳೆಯುವ ಪಾತ್ರೆಗಳ ಜೊತೆ ಇಟ್ಟಿದ್ದರು.

"ನೇರಳೆಹಣ್ಣು ಅಂತಾದ್ರೂ ಅನ್ನು," ಎಂದರು, "ಕೈಗೆ ಗೊತ್ತಾತಲ್ಲ."